ನಿಮ್ಮ ಕಥೆಯ ಸಂಭಾಷಣೆ ಕುರಿತು

ನಮಸ್ಕಾರ.

ಕಥೆ ಓದಿದೆವು. ಬಾಡಿಗೆ ಮನೆ ಖಾಲಿ ಮಾಡುವ ಹೊತ್ತಿನ ಅತ್ತೆ–ಸೊಸೆ ಜಗಳಕ್ಕೆ ಕಸುವಿದೆ. ಆದರೆ ಸಂಭಾಷಣೆ ಬರೆದಿರುವ ರೀತಿ ಸರಿಯಿಲ್ಲ. ಹೀಗೇ ಪ್ರಕಟಿಸಲು ಆಗುವುದಿಲ್ಲ.

ದೊಡ್ಡ ತೊಂದರೆ ಕಾಲದ್ದು. “ನನಗೆ ಹಸಿವಾಗಿದೆ” ಎಂಬ ಮಾತನ್ನು ‘ಅವಳಿಗೆ ಹಸಿವಾಗಿತ್ತು ಎಂದು ಸರೋಜ ಹೇಳಿದಳು’ ಎಂದು ತಿರುಗಿಸಿದ್ದೀರಿ. ಇದು ಹೈಸ್ಕೂಲಿನ ಇಂಗ್ಲಿಷ್ ಪೀರಿಯಡ್ಡಿನ ಡೈರೆಕ್ಟ್–ಇನ್‌ಡೈರೆಕ್ಟ್ ಸ್ಪೀಚ್ ಅಭ್ಯಾಸ. ಅಲ್ಲಿ ‘ಸೆಡ್’ ಬಂತೆಂದರೆ ‘ಆಮ್’ ಹೋಗಿ ‘ವಾಸ್’, ‘ವಿಲ್’ ಹೋಗಿ ‘ವುಡ್’. ಕನ್ನಡದಲ್ಲಿ ಕ್ರಿಯಾಪದ ಹಾಗೆ ಹಿಂದೆ ಸರಿಯುವುದಿಲ್ಲ. ನಿಮ್ಮ ವಾಕ್ಯ ಓದಿದರೆ, ಇನ್ನಾರಿಗೋ ಹಿಂದೆ ಯಾವಾಗಲೋ ಹಸಿವಾಗಿತ್ತು ಎನಿಸುತ್ತದೆ. ‘ತನಗೆ ಹಸಿವಾಗಿದೆ ಎಂದಳು ಸರೋಜ’ ಎಂದರೆ ಸಾಕು. ಈ ‘ತಾನು’ ನಿಮಗೆ ತುಂಬ ಬೇಕು: ಜಗಳವಾಡುವ ಇಬ್ಬರೂ ಹೆಂಗಸರು, ಇಬ್ಬರನ್ನೂ ‘ಅವಳು’ ಎಂದಿದ್ದೀರಿ, ಮೂರನೇ ಪುಟದಲ್ಲಿ ಯಾರು ಯಾರನ್ನು ಬೈದರೆಂದೇ ಗೊತ್ತಾಗಲಿಲ್ಲ.

‘ಮರುದಿನ ಬರುತ್ತೇನೆ ಎಂದ’ ಕೂಡ ಅದೇ ಗೊಂದಲ. ‘ಬರುತ್ತೇನೆ’ ಆಡಿದವನ ಮಾತು, ಅದರ ಜತೆ ‘ನಾಳೆ’ಯೇ ಇರಬೇಕು. ‘ಮರುದಿನ’ ಬೇಕಿದ್ದರೆ ‘ಬರುವುದಾಗಿ ಹೇಳಿದ’ ಎನ್ನಿ, ಆಗ ಅದು ನಿರೂಪಕರ ಮಾತಾಗುತ್ತದೆ.

ಇನ್ನು ಚಿಹ್ನೆಗಳು. “ನಾನು ಬರುವುದಿಲ್ಲವೆಂದು” ಹೇಳಿದಳು ಎಂದು ಬರೆದಿದ್ದೀರಿ. ‘ಎಂದು’ ಅವಳಾಡಿದ್ದಲ್ಲ, ಉದ್ಧರಣ ಚಿಹ್ನೆಯೊಳಗೆ ಬರಬಾರದು. ಸಂಧಿಯಾದ ಮೇಲೆ ಅದನ್ನು ಹೊರಗಿಡಲೂ ಆಗದು. ಬಿಡಿಸಿ ಬರೆದರೆ ಚಿಹ್ನೆ ಹಾಕಿ, ಕೂಡಿಸಿ ಬರೆದರೆ ತೆಗೆಯಿರಿ. ಚಿಹ್ನೆ ಹಾಕಿದಲ್ಲಿ ಆಡುಮಾತೇ ಇರಲಿ: “ನಾ ಬರಲ್ಲ” ಎಂದಳು. ಸಾಮಾನು ಎಸೆಯುತ್ತಿರುವ ಸೊಸೆ ‘ಬರುವುದಿಲ್ಲ’ ಎಂದು ಪಾಠ ಒಪ್ಪಿಸುತ್ತಾಳೆಯೇ?

“ನಾ ಬರಲ್ಲ.” ಎಂದಳು ಎನ್ನುವಾಗ ಒಳಗಿನ ಪೂರ್ಣವಿರಾಮ ಬೇಡ, ವಾಕ್ಯ ಮುಗಿಯುವುದು ‘ಎಂದಳು’ ಆದ ಮೇಲೆ. ಪ್ರಶ್ನೆ, ಆಶ್ಚರ್ಯದ ಚಿಹ್ನೆಗಳು ಮಾತ್ರ ಒಳಗೇ ಉಳಿಯುತ್ತವೆ. ‘ಎಲ್ಲಿಗೆ ಹೊರಟೆ ಎಂದು ಕೇಳಿದಳು?’ ಎಂದು ಕೊನೆಗೆ ಪ್ರಶ್ನಾರ್ಥಕ ಹಾಕಿದರೆ ಪ್ರಶ್ನೆ ಕೇಳುತ್ತಿರುವವರು ನೀವಾಗುತ್ತೀರಿ.

ನುಡಿದಳು, ಉಸುರಿದಳು, ಗುಡುಗಿದಳು, ಅಬ್ಬರಿಸಿದಳು: ಇಷ್ಟೂ ಒಂದೇ ಪುಟದಲ್ಲಿವೆ. ‘ಎಂದಳು’ ಓದುವವರ ಕಣ್ಣಿಗೆ ಅಡ್ಡ ಬರುವುದಿಲ್ಲ, ಅದನ್ನೇ ಬಳಸಿ. ಮೊದಲೆರಡು ಮಾತಿಗೆ ಹೆಸರು ಕೊಟ್ಟರೆ ಮುಂದಿನ ನಾಲ್ಕೈದಕ್ಕೆ ಅದೂ ಬೇಡ.

ಸದ್ಯಕ್ಕೆ ಮೂರನೇ ಪುಟವನ್ನಷ್ಟೇ ತಿದ್ದಿ ಕಳಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

– ಸಂಪಾದಕ