ಆರ್ಮ್ ಪಾಲಿನ ಲೆಕ್ಕ: ಮೇಷ್ಟ್ರ ಪ್ರಶ್ನೆಗೆ ಉತ್ತರ

ಮೇಷ್ಟ್ರೇ, ಜಪಾನಿನ ಹೂಡಿಕೆ ಕಂಪನಿ ಸಾಫ್ಟ್‌ಬ್ಯಾಂಕಿಗೆ ಬೆಲೆ ಕಟ್ಟಲು ನೀವು ಅದರ ಕೈಯಲ್ಲಿರುವ ಆರ್ಮ್ ಷೇರುಗಳನ್ನು ಪೇಟೆ ದರಕ್ಕೆ ಗುಣಿಸಿ ಹಾಳೆ ಕಳಿಸಿದ್ದೀರಿ. ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. 2023ರ ಸೆಪ್ಟೆಂಬರಿನಲ್ಲಿ ಚಿಪ್ ವಿನ್ಯಾಸದ ಕಂಪನಿ ಆರ್ಮ್ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಬಂದಾಗ ಸಾಫ್ಟ್‌ಬ್ಯಾಂಕ್ ಉಳಿಸಿಕೊಂಡದ್ದು ಶೇ 90ರಷ್ಟು, ಅಂದರೆ ಸುಮಾರು 92 ಕೋಟಿ ಷೇರು. ವಿತರಣೆಯ 51 ಡಾಲರ್ ದರದಲ್ಲಿ ಅದು 4,700 ಕೋಟಿ ಡಾಲರ್. ಮೊದಲ ದಿನದ ಮುಕ್ತಾಯದ 63.59ರಲ್ಲಿ 5,850 ಕೋಟಿ. 2024ರ ಫೆಬ್ರವರಿಯ ದರ ಹಾಕಿದರೆ ಪಾಲಿನ ಬೆಲೆ ಸಾಫ್ಟ್‌ಬ್ಯಾಂಕಿನ ಆಗಿನ ಇಡೀ ಮಾರುಕಟ್ಟೆ ಮೌಲ್ಯವನ್ನೇ ಮೀರುತ್ತದೆ, ಅದೂ ನಿಜ. 'ಹಾಗಾದರೆ ಮಿಕ್ಕ ವ್ಯವಹಾರವೆಲ್ಲ ಬಿಟ್ಟಿ' ಎಂದಿರಲ್ಲ, ಅಲ್ಲಿ ನನ್ನ ತಕರಾರು.

ಆ ದರ ಹುಟ್ಟಿದ್ದು ಪೇಟೆಯಲ್ಲಿ ಓಡಾಡುತ್ತಿದ್ದ ಹತ್ತರಲ್ಲಿ ಒಂದು ಪಾಲು ಷೇರಿನಿಂದ. ತಿಪಟೂರು ಹರಾಜಿನಲ್ಲಿ ಹತ್ತು ಚೀಲ ಕೊಬ್ಬರಿಗೆ ಸಿಕ್ಕ ಬೆಲೆಯನ್ನು ಜಿಲ್ಲೆಯ ಅಟ್ಟಗಳಲ್ಲಿರುವ ಅಷ್ಟೂ ಕೊಬ್ಬರಿಗೆ ಕಟ್ಟುತ್ತೀರಾ? ಫೆಬ್ರವರಿ 8ರಂದು ಆರ್ಮ್ ಒಂದೇ ದಿನ ಶೇ 48ರ ಆಸುಪಾಸು ಜಿಗಿಯಿತು. ಫಲಿತಾಂಶ ಚೆನ್ನಾಗಿತ್ತು, ಸರಿ. ಆದರೆ ಮಾರುವ ಷೇರು ಕಡಿಮೆಯಿದ್ದದ್ದೂ ಕಾರಣ. ಆಗ ಸಾಫ್ಟ್‌ಬ್ಯಾಂಕಿಗೆ ಮಾರುವಂತೆಯೂ ಇರಲಿಲ್ಲ, ಷೇರು ವಿತರಣೆಯ ನಂತರದ 180 ದಿನಗಳ ನಿರ್ಬಂಧ ಇನ್ನೂ ಮುಗಿದಿರಲಿಲ್ಲ.

ಒಳಗಿನವರ ದರವನ್ನೂ ನೆಚ್ಚಬೇಡಿ. ಆರ್ಮ್ ಷೇರುಪೇಟೆಯಲ್ಲಿ ಪಟ್ಟಿಯಾಗುವ ಮುಂಚಿನ ತಿಂಗಳು ಸಾಫ್ಟ್‌ಬ್ಯಾಂಕ್ ತನ್ನದೇ ಹೂಡಿಕೆ ನಿಧಿಯಾದ ವಿಷನ್ ಫಂಡ್‌ನಿಂದ ಆರ್ಮ್‌ನ ಶೇ 25 ಪಾಲು ಕೊಂಡಿತು. ಅದಕ್ಕೆ ಆರ್ಮ್ ಅನ್ನು 6,400 ಕೋಟಿ ಡಾಲರ್‌ಗೆ ಅಳೆದಿದ್ದರು. ಹೊರಗಿನವರು ಕೊಟ್ಟ 51 ಡಾಲರ್ ಲೆಕ್ಕದಲ್ಲಿ ಬಂದದ್ದು 5,200 ಕೋಟಿ ಚಿಲ್ಲರೆ.

ಹಳೆಯ ಉದಾಹರಣೆ ಬ್ರಿಟನ್ನಿನ ಕಂಪ್ಯೂಟರ್ ಕಂಪನಿ ಏಕಾರ್ನ್. ಆರ್ಮ್ ಹುಟ್ಟಿದ್ದು ಅದರ ಹೊಟ್ಟೆಯಲ್ಲೇ. 1998ರಲ್ಲಿ ಆರ್ಮ್ ಮೊದಲ ಸಲ ಪಟ್ಟಿಯಾದ ಮೇಲೆ ಏಕಾರ್ನ್‌ನ ಒಟ್ಟು ಬೆಲೆ ಅದರ ಕೈಯಲ್ಲಿದ್ದ ಆರ್ಮ್ ಷೇರಿಗಿಂತ ಕೆಳಗಿಳಿಯಿತು. ಮಾರಿದರೆ ತೆರಿಗೆ ಬೀಳುತ್ತಿತ್ತಲ್ಲ! 1999ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಏಕಾರ್ನ್ ಕಂಪನಿಯನ್ನೇ ಕೊಂಡು, ಆರ್ಮ್ ಷೇರು ಏಕಾರ್ನ್‌ನ ಷೇರುದಾರರ ಕೈಸೇರುವಂತೆ ಮಾಡಿದ ಮೇಲೆಯೇ ಆ ಗಂಟು ಬಿಚ್ಚಿದ್ದು.

ಹಾಗಾಗಿ ಒಂದು ದಿನದ ದರ ಬಿಟ್ಟು ತಿಂಗಳ ಸರಾಸರಿ ಹಿಡಿಯಿರಿ. ಆಗ ಆರ್ಮ್ ಷೇರು ಅಡವಿಟ್ಟು ತೆಗೆದಿದ್ದ 850 ಕೋಟಿ ಡಾಲರ್ ಸಾಲ, ಸಾಫ್ಟ್‌ಬ್ಯಾಂಕಿನ ಇತರ ಸಾಲ, ತೆರಿಗೆ ಕಳೆಯಿರಿ. ಮಿಕ್ಕದ್ದರಲ್ಲಿ ನಾನಾದರೆ ಕಾಲು ಭಾಗ ಕಡಿತ ಮಾಡುತ್ತೇನೆ. ನೀವು ಧೈರ್ಯವಂತರು, ಕಡಿಮೆ ಮಾಡಿಕೊಳ್ಳಿ. ಆರ್ಮ್ ಅಂಗಸಂಸ್ಥೆಯಾದ್ದರಿಂದ ಅದರ ಆದಾಯ ಸಾಫ್ಟ್‌ಬ್ಯಾಂಕಿನ ಕ್ರೋಡೀಕೃತ (ಅಂಗಸಂಸ್ಥೆಗಳನ್ನೂ ಕೂಡಿಸಿದ) ಲೆಕ್ಕದಲ್ಲಿ ಆಗಲೇ ಸೇರಿರುತ್ತದೆ. ಆ ಲಾಭಕ್ಕೆ ಒಂದು ಬೆಲೆ ಕಟ್ಟಿ, ಮೇಲೆ ಪಾಲಿನ ಬೆಲೆಯನ್ನೂ ಕೂಡಿಸಿದರೆ ಒಂದೇ ಆಸ್ತಿಯನ್ನು ಎರಡು ಸಲ ಎಣಿಸಿದಂತೆ. ನೀವು ಕಳಿಸಿದ ಹಾಳೆಯ ಕೊನೆಯ ಸಾಲಿನಲ್ಲಿ ಆಗಿರುವುದು ಅದೇ.