48ರಲ್ಲಿ ಮತ್ತೆ ಬಾಲ್ ಬ್ಯಾಡ್ಮಿಂಟನ್?

ಕಾಲೇಜಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆ, ಬಿಟ್ಟು ತುಂಬಾ ವರ್ಷ ಆಯ್ತು, 48ರಲ್ಲಿ ಮತ್ತೆ ಶುರು ಮಾಡಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಿ ಸಾರ್. ನಾನು ಹೈಸ್ಕೂಲಿನಿಂದ ಆಡುತ್ತಿದ್ದೇನೆ, ಈಗ ಅರವತ್ತರ ಹತ್ತಿರ. ತಾಲ್ಲೂಕು ಮಟ್ಟ ದಾಟಿದವನಲ್ಲ, ಆದರೂ ಸಂಜೆಯಾದರೆ ಕಾಲು ಸುಮ್ನೆ ಕೂರಲ್ಲ.

ಒಂದೊಂದು ಕಡೆ ಐದು ಜನರ ಆಟ ಅನ್ನೋದೇ ನಿಮಗೆ ಅನುಕೂಲ. ಶಟಲ್ ಸಿಂಗಲ್ಸ್‌ನಷ್ಟು ಒಬ್ಬರೇ ಓಡಬೇಕಿಲ್ಲ. ಮೊದಲು ಬ್ಯಾಕ್‌ನಲ್ಲಿ ನಿಲ್ಲಿ. ನೆಟ್ ಹತ್ತಿರ ನಿಂತವರಿಗೆ ಚೆಂಡು ನೋಡಲೂ ಪುರುಸೊತ್ತು ಸಿಗಲ್ಲ.

ದಮ್ಮು ಬೇಗ ವಾಪಸ್ ಬರುತ್ತದೆ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಅಕಿಲಿಸ್ ಟೆಂಡನ್) ಅಷ್ಟು ಬೇಗ ಪಳಗಲ್ಲ. ನಮ್ಮ ವಯಸ್ಸಿನವರು ಪೆಟ್ಟು ಮಾಡಿಕೊಳ್ಳೋದು ಜಾಸ್ತಿ ಅಲ್ಲೇ. ಮೆಟ್ಟಿಲಿನ ಅಂಚಲ್ಲಿ ತುದಿಗಾಲಲ್ಲಿ ನಿಂತು, ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವ ಅಭ್ಯಾಸ ಈಗಿನಿಂದಲೇ ಮಾಡಿ. ಮೊದಲ ತಿಂಗಳು ಒಂದೇ ಗೇಮ್ ಆಡಿ ಆಚೆ ಬನ್ನಿ, ಗೆಳೆಯರು ಎಷ್ಟೇ ಎಳೆದರೂ. ಬೆಳಗ್ಗೆ ಇಬ್ಬನಿ ಇದ್ದರೆ ಉಣ್ಣೆ ಚೆಂಡು ನೆನೆದು ಭಾರವಾಗುತ್ತದೆ, ಭುಜ ಹಿಡಿದುಕೊಳ್ಳುತ್ತದೆ. ಬಿಸಿಲು ಬಂದ ಮೇಲೆ ಆಡಿ. ಬಿಪಿ, ಶುಗರ್ ಇದ್ದರೆ ಮೊದಲು ಡಾಕ್ಟರನ್ನು ಕಂಡು ಬನ್ನಿ. ಹಳೇ ರಾಕೆಟ್ ಇನ್ನೂ ಇದ್ದರೆ ಗಟ್ (ರಾಕೆಟ್ಟಿನ ತಂತಿ) ಬದಲಾಯಿಸಿ ಸಾಕು, ಹೊಸದು ಆಮೇಲೆ ನೋಡೋಣ.