ಮಿತವ್ಯಯ ಒಬ್ಬರದು, ಒಗೆತ ಇನ್ನೊಬ್ಬರದು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಬಳಿ ಮೊದಲು ಬಂದವರು ತಾಯಿ, ಮಗಳ ವಿಷಯ ಹೇಳಿಕೊಂಡು. 14 ವರ್ಷದ ಹುಡುಗಿ ಅಪ್ಪನ ಜೇಬಿನಿಂದ ಹಣ ತೆಗೆದು ಸಿಕ್ಕಿಬಿದ್ದಿದ್ದಳು. ಆ ಹಣದಲ್ಲಿ ಏನು ಕೊಂಡಳು ಎಂದು ಕೇಳಿದೆ. "ಒಂದು ಶಾಂಪೂ ಬಾಟಲಿ, ಮೇಡಂ" ಎಂದರು. ಕದ್ದ ದುಡ್ಡಿನಲ್ಲಿ ಶಾಂಪೂ ಕೊಂಡ ಮಕ್ಕಳನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಮನೆಯಲ್ಲಿ ಶಾಂಪೂ ಇರಲಿಲ್ಲ. ಮೈಗೆ, ತಲೆಗೆ, ಬಟ್ಟೆಗೆ ಅಪ್ಪ ಮಾಡಿದ ಒಂದೇ ಸಾಬೂನು. ನೆಲ ಒರೆಸಲು ವಿನೆಗರ್ ನೀರು. ಹಳೆಯ ಹೊದಿಕೆ ಹರಿದರೆ ಒರೆಸುವ ಬಟ್ಟೆಯಾಗುತ್ತಿತ್ತು, ಅದೂ ಸವೆದರೆ ದಿಂಬಿನೊಳಗೆ ಸೇರುತ್ತಿತ್ತು. ಒಂದು ಬದಿ ಖಾಲಿ ಇರುವ ಕಾಗದವನ್ನೆಲ್ಲ ಹೊಲಿದು ಮಗಳಿಗೆ ನೋಟುಪುಸ್ತಕ ಮಾಡಿಕೊಡುತ್ತಿದ್ದರು. ಇದೆಲ್ಲ ಎಂಟು ವರ್ಷದ ಹಿಂದೆ ಶುರುವಾದದ್ದು, ಅಪ್ಪನ ಕೆಲಸ ಹೋದಾಗ. 11 ತಿಂಗಳು ಮನೆಗೆ ಆದಾಯ ಇರಲಿಲ್ಲ. "ಆ 11 ತಿಂಗಳೂ ನಾವು ಯಾರ ಮುಂದೆಯೂ ಕೈಚಾಚಲಿಲ್ಲ" ಎನ್ನುವಾಗ ಆಕೆಯ ಬೆನ್ನು ನೆಟ್ಟಗಾಯಿತು. ದೂರು ಹೇಳಲು ಬಂದವರ ಮಾತಿನಲ್ಲಿ ಹೆಮ್ಮೆಯೂ ಇದ್ದದ್ದನ್ನು ಗುರುತು ಹಾಕಿಕೊಂಡೆ. ಆಮೇಲೆ ಕೆಲಸ ಸಿಕ್ಕಿತು, ಸಂಬಳವೂ ಏರಿತು. ಮನೆಯ ಮಟ್ಟಿಗೆ ಮಾತ್ರ ಆ 11 ತಿಂಗಳು ಇನ್ನೂ ಮುಗಿದಿರಲಿಲ್ಲ.

ಎರಡನೇ ಭೇಟಿಗೆ ಪತಿಯೂ ಬಂದರು. ತೊಳೆದು ಒಣಗಿಸಿ ತ್ರಿಕೋನವಾಗಿ ಮಡಚಿದ ಪ್ಲಾಸ್ಟಿಕ್ ಚೀಲವನ್ನು ಜೇಬಿನಿಂದ ತೆಗೆದು ಬಿಡಿಸಿ, ಅದರಲ್ಲಿದ್ದ ಸಾಬೂನನ್ನು ನನ್ನ ಮೇಜಿನ ಮೇಲಿಟ್ಟರು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದರು. ಆ ಚೀಲವನ್ನು ಮತ್ತೆ ತ್ರಿಕೋನ ಮಾಡಿ ಜೇಬಿಗೆ ಸೇರಿಸಿದರು. ಸಾಬೂನು ಹೇಗೆ ಮಾಡುತ್ತೀರಿ ಎಂದು ಕೇಳಿದ್ದೇ ತಡ, ಮನುಷ್ಯ ಅರಳಿಬಿಟ್ಟರು. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಬಾರದು. ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಇಡಬೇಕು. ಪತ್ನಿ ಕಿಟಕಿಯ ಕಡೆ ನೋಡುತ್ತಿದ್ದರು.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಟ್ಟದ ಮೇಲೆ 60ಕ್ಕೂ ಹೆಚ್ಚು ಗಾಜಿನ ಬಾಟಲಿಗಳಿವೆ ಎಂದು ಕೇಳಿದೊಡನೆ ನನ್ನ ಮನಸ್ಸು ಸಂಗ್ರಹದ ಗೀಳಿನ ಕಡೆ ಓಡಿತು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ ಅದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಕೊಟ್ಟಿದೆ. ನಮ್ಮ ವೃತ್ತಿಯಲ್ಲಿ ಹೆಸರಿಡುವ ಚಟ ಬೇಗ ಅಂಟಿಕೊಳ್ಳುತ್ತದೆ. ಆದರೆ ಆ ಕಾಯಿಲೆ ಇರುವವರಿಗೆ ಬೆಲೆಯಿಲ್ಲದ ವಸ್ತುವನ್ನು ಬಿಡುವುದೂ ಸಂಕಟ. ಓಡಾಡಲು, ಮಲಗಲು ಜಾಗವಿಲ್ಲದಷ್ಟು ಸಾಮಾನು ತುಂಬಿಕೊಳ್ಳುತ್ತದೆ. ಇವರ ಮನೆ ಒಪ್ಪವಾಗಿತ್ತು. ಬಾಟಲಿ ಕೇಳಿದವರಿಗೆ ಸಂತೋಷದಿಂದ ಕೊಡುತ್ತಿದ್ದರು. ಕಾಯಿಲೆಯ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಹಾಗಾದರೆ ತೊಡಕು ಎಲ್ಲಿ? ಅದು ಸಿಕ್ಕಿದ್ದು ಅವರ ಲೆಕ್ಕದ ಪುಸ್ತಕದಲ್ಲಿ. ಎಂಟು ವರ್ಷಗಳಿಂದ ಪ್ರತಿ ಉಳಿತಾಯವನ್ನೂ ಬರೆದಿಟ್ಟಿದ್ದರು: ಸಾಬೂನಿನಿಂದ ಇಷ್ಟು, ಚೀಲದಿಂದ ಇಷ್ಟು. ಬರವಣಿಗೆ ಮುತ್ತು ಪೋಣಿಸಿದಂತೆ. ಪುಟ ತಿರುವುತ್ತಾ, "ಚೀಲ ತೊಳೆಯುವವರು ಯಾರು?" ಎಂದು ಕೇಳಿದೆ. ಅವರು ಪತ್ನಿಯ ಮುಖ ನೋಡಿದರು. ಬಾಟಲಿಗೆ ಅಂಟಿದ ಕಾಗದವನ್ನು ನೆನೆಸಿ ಕೆರೆಯುವವರು ಯಾರು? ಒರೆಸಿದ ಬಟ್ಟೆಗಳನ್ನು ಕುದಿಸಿ ಒಗೆಯುವವರು ಯಾರು? ಸಾಬೂನನ್ನು ಅವರು ತಿಂಗಳಿಗೊಂದು ಭಾನುವಾರ ಮಾಡುತ್ತಿದ್ದರು. ಮಿಕ್ಕ ದಿನಗಳೆಲ್ಲ ಆಕೆಯವು.

ಮನೆಯಲ್ಲೇ ಮಾಡಿದ್ದು, ಮರುಬಳಸಿದ್ದು ಪುಕ್ಕಟೆ ಎಂದು ನಾವು ನಂಬಿಬಿಡುತ್ತೇವೆ. ಕೊಂಡ ವಸ್ತುವಿಗೆ ದುಡ್ಡು ಕೊಡುತ್ತೇವೆ, ಕೊಳ್ಳದ ವಸ್ತುವಿಗೆ ಯಾರದೋ ಗಂಟೆಗಳನ್ನು. ಅದು ತನ್ನದೇ ಗಂಟೆಯಾದರೆ ಹವ್ಯಾಸ. ಕೇಳದೆ ತೆಗೆದುಕೊಂಡ ಇನ್ನೊಬ್ಬರ ಗಂಟೆಯಾದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ನಾನು ಅವರ ಮುಂದೆ ಹೇಳಲಿಲ್ಲ. ಪುಸ್ತಕದಲ್ಲಿ ಇನ್ನೆರಡು ಕಾಲಂ ಎಳೆಯಿರಿ, ಎರಡು ವಾರ ತುಂಬಿಸಿಕೊಂಡು ಬನ್ನಿ ಎಂದೆ: ಎಷ್ಟು ಹೊತ್ತು, ಯಾರ ಕೈ.

ಆ ಎರಡು ವಾರಗಳ ನಡುವೆ ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದೆ. ಅವಳಿಗೆ ಅಪ್ಪನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ ಇತ್ತು. ತಲೆ ತೊಳೆದ ಮೇಲೂ ಕೂದಲು ಜಿಗುಟಾಗಿ, ಬೂದಿ ಮೆತ್ತಿದಂತೆ ಇರುತ್ತದೆ, ಅಮ್ಮ ಅದನ್ನು ಷೋಕಿ ಎನ್ನುತ್ತಾರೆ ಎಂದಳು. ಷೋಕಿಯಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಸೇರಿದರೆ ಕರಗದ ಒಂದು ಪದರ ಹುಟ್ಟುತ್ತದೆ, ಕೂದಲಿಗೆ ಮೆತ್ತಿಕೊಳ್ಳುವುದು ಅದೇ. ಅಲ್ಲದೆ ಇಂಥ ಸಾಬೂನು ಎಷ್ಟು ವಾರ ಒಣಗಿದರೂ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 9–10ರ ಆಸುಪಾಸಿನಲ್ಲೇ ಉಳಿಯುತ್ತದೆ. ನೆತ್ತಿಯದು ಸುಮಾರು 5.5. ಕೈ ತೊಳೆಯಲು ಒಳ್ಳೆಯದಾದದ್ದು ತಲೆಗೆ ಒಗ್ಗದಿರಬಹುದು. ಹುಡುಗಿಯ ದೂರಿನಲ್ಲಿ ರಸಾಯನಶಾಸ್ತ್ರ ಇತ್ತು, ಕೇಳುವವರಿರಲಿಲ್ಲ ಅಷ್ಟೆ.

ಹೊರಡುವ ಮುಂಚೆ, ಬಾಗಿಲ ಬಳಿ ನಿಂತು, ಇನ್ನೊಂದನ್ನು ಹೇಳಿದಳು. ಮುಟ್ಟಿನ ಬಟ್ಟೆಯನ್ನೂ ಮನೆಯಲ್ಲೇ ಹೊಲಿಯುತ್ತಾರೆ. ಒಗೆದು ಬಿಸಿಲಿಗೆ ಹಾಕಲು ಅವಳಿಗೆ ಸಂಕೋಚ, ಹಾಗಾಗಿ ಬಚ್ಚಲಿನ ಮೂಲೆಯಲ್ಲಿ ಹಸಿಯಾಗಿಯೇ ಇರುತ್ತದೆ. ಚೆನ್ನಾಗಿ ಒಗೆದು, ಪೂರ್ತಿ ಒಣಗಿಸಿದ ಬಟ್ಟೆಯಲ್ಲಿ ತಪ್ಪೇನೂ ಇಲ್ಲ. ಹಸಿ ಬಟ್ಟೆಯನ್ನು ಮತ್ತೆ ಬಳಸುವುದು ಮಾತ್ರ ಕೂಡದು. ಇದನ್ನು ಅವಳ ಒಪ್ಪಿಗೆ ಪಡೆದು ತಾಯಿಗೆ ತಿಳಿಸಿದೆ. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಮ್ಮ ಗುಟ್ಟನ್ನೂ ಬಿಚ್ಚಿದರು: ತಾವೂ ಕದ್ದು ಒಂದು ಬಾಟಲಿ ಬ್ಲೀಚ್ ಕೊಂಡು ಬಚ್ಚಿಟ್ಟಿದ್ದಾರೆ. ಒಮ್ಮೆ ವಿನೆಗರ್ ನೀರು ಸುರಿದಿದ್ದ ಬಚ್ಚಲಿಗೇ ಅದನ್ನೂ ಸುರಿದಾಗ ಕಣ್ಣು ಉರಿದು, ಕೆಮ್ಮು ಹತ್ತಿ, ಹೊರಗೆ ಓಡಿಬಂದಿದ್ದರು. ಅದು ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಮುಳುವಾಗಬಹುದು. ಒಂದೇ ಮನೆಯಲ್ಲಿ ಇಬ್ಬರು ಕದ್ದು ಕೊಳ್ಳುತ್ತಿದ್ದರು, ಒಬ್ಬರಿಗೊಬ್ಬರು ತಿಳಿಯದಂತೆ.

ಎರಡು ವಾರದ ಪುಸ್ತಕ ಬಂತು. ವಾರಕ್ಕೆ ಪತ್ನಿಯದು ಒಂಬತ್ತೂವರೆ ಗಂಟೆ, ಪತಿಯದು ಎರಡು. ಮೊತ್ತ ಬರೆದವರು ಅವರೇ, ಅದೇ ಮುತ್ತಿನಂಥ ಅಕ್ಷರದಲ್ಲಿ. ಸಮರ್ಥನೆಗೆ ಹೋಗಲಿಲ್ಲ. "ಕೂಡುವಾಗ ಮೂರು ಸಲ ತಾಳೆ ನೋಡಿದೆ, ಮೇಡಂ" ಎಂದಷ್ಟೇ ಹೇಳಿದರು.

ನಾನು ಕೊಟ್ಟ ಸಲಹೆ ಸರಳವಾಗಿತ್ತು, ಪಾಲಿಸುವುದು ಅಷ್ಟು ಸರಳವಾಗಿರಲಿಲ್ಲ. ಮೈಗೆ ತಾಗುವುದೆಲ್ಲವೂ ಆ ಮೈಯವರ ತೀರ್ಮಾನ: ಶಾಂಪೂ, ಮುಟ್ಟಿನ ಬಟ್ಟೆ ಅಥವಾ ಪ್ಯಾಡ್, ಟವೆಲು. ಮಗಳಿಗೆ ತಿಂಗಳಿಗೊಂದು ಮೊತ್ತ, ಲೆಕ್ಕ ಕೇಳದೆ. ಮನೆಗೆಲ್ಲ ಸೇರಿದ ವಸ್ತುವನ್ನು ಮರುಬಳಸುವುದಾದರೆ, ಬಳಸೋಣ ಎಂದವರೇ ಅದನ್ನು ತೊಳೆದು ಒಣಗಿಸಬೇಕು. ಬಾಟಲಿಗಳು ಒಂದು ಗೂಡಿನಲ್ಲಿ ಹಿಡಿಸುವಷ್ಟೇ ಇರಲಿ. ಒಂದು ವಿಷಯದಲ್ಲಿ ಮಾತ್ರ ಚರ್ಚೆಗೇ ಅವಕಾಶ ಕೊಡಲಿಲ್ಲ. ಕಾಸ್ಟಿಕ್ ಸೋಡಾ ಅಥವಾ ಯಾವುದೇ ಶುಚಿಕಾರಕ ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ಇರಕೂಡದು. ಅವರು ಹಾಗೆಯೇ ಇಟ್ಟಿದ್ದರು, ಹೆಸರಿನ ಚೀಟಿಯೂ ಇಲ್ಲದೆ. ಆ ಸಂಜೆಯೇ ಬದಲಿಸಿದರಂತೆ.

ಇಷ್ಟಾದರೂ ಬೇರು ಅಲುಗಿರಲಿಲ್ಲ. ಅವರಿಗೆ ಒಂದು ಪ್ರಶ್ನೆ ಕೇಳಿದೆ: ನಾಳೆಯೇ ಕೆಲಸ ಹೋದರೆ ಎಷ್ಟು ತಿಂಗಳು ನಡೆಯುತ್ತದೆ? ಎಂಟು ವರ್ಷ ಉಳಿತಾಯ ಬರೆದವರು ಇದನ್ನು ಒಮ್ಮೆಯೂ ಎಣಿಸಿರಲಿಲ್ಲ. ಎಣಿಸಲು ಹೆದರಿಕೆ ಎಂದರು. ಅಲ್ಲೇ ಕುಳಿತು, ಅವರು ತಂದ ಒಂದು ಬದಿ ಖಾಲಿ ಕಾಗದದ ಮೇಲೆ ಲೆಕ್ಕ ಹಾಕಿದೆವು. 19 ತಿಂಗಳು. ಅವರು ಆ ಅಂಕಿಯ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು, ಮತ್ತೊಮ್ಮೆ ಎಳೆದರು. ಪತ್ನಿ "ಸಾಕಲ್ಲವಾ?" ಎಂದರು. ಅಂಕಿಯ ಬಗ್ಗೆ ಹೇಳಿದರೋ, ಗೆರೆಯ ಬಗ್ಗೆಯೋ, ನಾನು ಕೇಳಲಿಲ್ಲ.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ಹೊಸ ಟವೆಲು ತಂದ ದಿನ ಅವರು ಅದರ ಬೆಲೆಯ ಚೀಟಿಯನ್ನು ಹುಡುಕಿದರಂತೆ, ಸಿಗಲಿಲ್ಲವಂತೆ. ಪತ್ನಿ ಅಂಗಡಿಯಲ್ಲೇ ಕತ್ತರಿಸಿ ತಂದಿದ್ದರು. ಮಗಳು ಶಾಂಪೂವಿನ ಖಾಲಿ ಬಾಟಲಿಯನ್ನು ಕುಯ್ದು ಪೆನ್ನು ಹಾಕಿಕೊಳ್ಳುತ್ತಾಳೆ, ಅಪ್ಪನ ಮಗಳೇ. ಮೂರು ತಿಂಗಳ ನಂತರ ಪತಿ ಫೋನ್ ಮಾಡಿದ್ದರು. ಚೀಲ ತೊಳೆಯುವುದನ್ನು ತಾವೇ ಶುರುಮಾಡಿದ ಮೇಲೆ ಚೀಲಗಳೇ ಕಡಿಮೆಯಾಗಿವೆ ಎಂದು ನಕ್ಕರು. ಲೆಕ್ಕದ ಪುಸ್ತಕದ ಆ ಎರಡು ಕಾಲಂ ಇನ್ನು ನಿಲ್ಲಿಸಬಹುದೇ ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಪತ್ನಿಯ ದನಿ ಕೇಳಿತು: "ಬೇಡ, ಇರಲಿ."